ಕಡಪ ಕಲ್ಲಿನ ಜಾರುಬಂಡಿ

ಮುಂಬಯಿಯ ದಹಿಸರಿನ ಪಡುವಣ ಕನ್ನಡ ಶಾಲೆಗೆ ನೈಸರ್ಗಿಕವಾದ ಆಟದ ಮೈದಾನ ರಚಿಸಿಕೊಡುವ ಹೊಣೆ ದೂಜಣ್ಣನ ಹೆಗಲಿಗೆ ಏರಿದಾಗ ಅವನ ಎರಡೂ ಕೈಯಲ್ಲಿ ಗೋಳಿಬಜೆಯ ತಟ್ಟೆಗಳಿದ್ದವು. ಕೈ ಖಾಲಿ ಇದ್ದಿದ್ದರೆ ಬೇಡವೆಂದು ಆಡಿಸುತ್ತಿದ್ದನೋ ಏನೋ. ಆಡಿಸುತ್ತಿರಲಿಲ್ಲ ಎಂದೇ ಅವನನ್ನು ಬಲ್ಲವರ ಅಭಿಪ್ರಾಯ.

ದೂಜಣ್ಣ ಮನೀಶ್ ಶೆಟ್ಟರ ಹೋಟೆಲಿನಲ್ಲಿ ಕ್ಯಾಪ್ಟನ್. ಹಡಗಿನ ಕ್ಯಾಪ್ಟನ್ನೂ ಅಲ್ಲ, ಕ್ರಿಕೆಟ್ಟಿನವನೂ ಅಲ್ಲ. ಗಿರಾಕಿಯ ಮೇಜಿನ ಹತ್ತಿರ ಹೋಗಿ, ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಒಳಗೆ ಹೋಗಿ ಅದನ್ನೇ ಕೂಗಿ ಹೇಳುವವನು. ಇಪ್ಪತ್ತಾರು ವರ್ಷ ಈ ಕೆಲಸ ಮಾಡಿದ್ದರಿಂದ ‘ಇಲ್ಲ’ ಎಂಬ ಶಬ್ದ ಅವನ ಬಾಯಿಂದ ಉದುರಿಹೋಗಿತ್ತು. ರವಾದೋಸೆ ಮುಗಿದಿದ್ದರೂ ‘ಐದು ನಿಮಿಷ ಸರ್’ ಎನ್ನುವುದು ಅವನ ಕ್ರಮ. ಶೆಟ್ಟರು ಪಡುವಣ ಕನ್ನಡ ಸಂಘದ ಅಧ್ಯಕ್ಷರಾದ್ದರಿಂದ ದೂಜಣ್ಣ ಅದರ ಜೊತೆಕಾರ್ಯದರ್ಶಿ. ಸಭೆಗೆ ಚಾ-ತಿಂಡಿ ಹೊತ್ತು ತರುವ ಹುದ್ದೆಗೆ ಸಂಘದ ನಿಯಮಾವಳಿಯಲ್ಲಿ ಅದೇ ಹೆಸರು.

ಸಂಘದ ಶಾಲೆಯಲ್ಲಿ ನಲವತ್ತೊಂದು ಮಕ್ಕಳಿದ್ದವು. ಕಮಿಟಿಯವರು ಕನ್ನಡ ಉಳಿಯಬೇಕೆಂದು ಪ್ರತಿ ರಾಜ್ಯೋತ್ಸವಕ್ಕೂ ಗಂಟಲು ಕಟ್ಟುವಷ್ಟು ಭಾಷಣ ಮಾಡುತ್ತಿದ್ದರು; ಅವರ ಮಕ್ಕಳೆಲ್ಲ ಇಂಗ್ಲಿಷ್ ಶಾಲೆಯಲ್ಲಿದ್ದರು. ನಿಜಕ್ಕೂ ಕನ್ನಡ ಉಳಿಸುತ್ತಿದ್ದವರು ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ಟವರುಗಳಿಗೆ ಇಟ್ಟಿಗೆ ಹೊರುವವರ ಮಕ್ಕಳು.

ಆ ಭಾನುವಾರದ ಸಭೆಗೆ ನಿಶಾ ಮೇಡಂ ಬಂದಿದ್ದಳು. ದೊಡ್ಡ ಕಂಪನಿಯೊಂದು ಬಡಶಾಲೆಗಳಿಗೆ ಉಪಕಾರ ಮಾಡಲೆಂದೇ ಒಂದು ವಿಭಾಗ ಇಟ್ಟಿತ್ತು, ಅದರವಳು. ಅರ್ಧ ಇಂಗ್ಲಿಷು ಅರ್ಧ ಹಿಂದಿಯಲ್ಲಿ ಅವಳು ವಿವರಿಸಿದಳು: ಮಕ್ಕಳ ಮೈದಾನದಲ್ಲಿ ಪ್ಲಾಸ್ಟಿಕ್ ಇರಬಾರದು, ಕಬ್ಬಿಣ ಇರಬಾರದು, ಸಿಮೆಂಟು ಮೊದಲೇ ಇರಬಾರದು. ಮಣ್ಣು, ಮರ, ಕಲ್ಲು ಸಾಕು. ಅದೂ ಹತ್ತಿರದಲ್ಲೇ ಸಿಕ್ಕಿದ್ದು, ಬೇರೆಲ್ಲೋ ಬಳಸಿ ಬಿಟ್ಟದ್ದಾದರೆ ಇನ್ನೂ ಉತ್ತಮ. ಎಲ್ಲವೂ ಸಸ್ಟೇನೆಬಲ್ ಆಗಿರಬೇಕು.

ಆ ಕೊನೆಯ ಶಬ್ದ ಕೇಳಿ ಕಮಿಟಿ ಗಂಭೀರವಾಯಿತು. ಖಜಾಂಚಿ ಗೋಡೆಯ ಗಡಿಯಾರ ನೋಡಿದರು. ಶೆಟ್ಟರು ಮೊಬೈಲನ್ನು ಮಗುಚಿ ಇಟ್ಟರು.

“ನಿಮ್ಮಲ್ಲಿ ಇದರ ಅನುಭವ ಇರುವವರು ಯಾರಾದರೂ ಇದ್ದಾರಾ?” ಎಂದು ಕೇಳುತ್ತ ಅವಳು ತಲೆಯೆತ್ತಿದಾಗ ಎದುರಿಗೆ ತಟ್ಟೆ ಹಿಡಿದ ದೂಜಣ್ಣ ನಿಂತಿದ್ದ. ಅವನನ್ನೇ ಮುಂದೆ ಕಳಿಸಿದ್ದಾರೆ ಎಂದುಕೊಂಡಳು. “ಎಷ್ಟು ವರ್ಷದ ಎಕ್ಸ್‌ಪೀರಿಯನ್ಸ್?”

“ಟ್ವೆಂಟಿ ಸಿಕ್ಸ್ ಇಯರ್ಸ್ ಮೇಡಂ.”

“ವಾಹ್! ಎಲ್ಲ ನ್ಯಾಚುರಲ್?”

“ಫುಲ್ ನ್ಯಾಚುರಲ್ ಮೇಡಂ,” ಎಂದು ದೂಜಣ್ಣ ಗೋಳಿಬಜೆಯನ್ನು ಹತ್ತಿರ ಸರಿಸಿದ. “ಸೋಡಾ ಕೂಡ ಹಾಕುವುದಿಲ್ಲ.”

ನಿಶಾ ಮೇಡಂ ‘ರಾಸಾಯನಿಕ ಬಳಸುವುದಿಲ್ಲ’ ಎಂದು ಬರೆದುಕೊಂಡಳು. ತಮ್ಮ ತಲೆಗೆ ಬರದ ಕೆಲಸ ಬೇರೆಯವರ ತಲೆಗೆ ಹೋಯಿತೆಂದು ಶೆಟ್ಟರು ಎದ್ದುಬಂದು ದೂಜಣ್ಣನ ಬೆನ್ನು ತಟ್ಟಿದರು. “ನಮ್ಮ ದೂಜಣ್ಣ ಎಲ್ಲದಕ್ಕೂ ಉಂಟು ಮೇಡಂ!” ಅವಳು ಕೈಮುಗಿದು “ಥ್ಯಾಂಕ್ಯೂ ದೂಜಾಜೀ,” ಎಂದಳು.

ಏನೋ ತಪ್ಪಾಗಿದೆ ಎಂದು ದೂಜಣ್ಣನಿಗೆ ಆ ಕ್ಷಣವೇ ಗೊತ್ತಾಯಿತು. ಆದರೆ ಈ ಮುಂಬಯಿಯಲ್ಲಿ ಯಾರೂ ಅವನಿಗೆ ‘ಜೀ’ ಅಂದಿರಲಿಲ್ಲ. ತಪ್ಪನ್ನು ತಿದ್ದಿದರೆ ಆ ‘ಜೀ’ ಕೂಡ ಹೋಗುತ್ತಿತ್ತು.

“ನೀವು ಎಂತ ಹೇಳಿದ್ದು ಅವಳಿಗೆ?” ಮನೆಯಲ್ಲಿ ಹೆಂಡತಿ ಅಪ್ಪಿ ಬಸಳೆ ಕೊಯ್ಯುವುದನ್ನು ನಿಲ್ಲಿಸಿ ಕೇಳಿದಳು.

“ನಾನು ಎಂತದೂ ಹೇಳಲಿಲ್ಲ. ಅವಳೇ ಆರಿಸಿದಳು.”

“ಬಾಲ್ಕನಿಯ ಕರಿಬೇವು ನಿಮ್ಮ ಕೈಯಲ್ಲಿ ಮೂರು ಸಲ ಸತ್ತದ್ದು ಅವಳಿಗೆ ಗೊತ್ತುಂಟಾ?”

ಮಗಳು ಯಕ್ಷಿತಾ ಮಾತ್ರ ಉತ್ಸಾಹದಿಂದ ಮೊಬೈಲಿನಲ್ಲಿ ಚಿತ್ರಗಳನ್ನು ಹುಡುಕಿದಳು. “ಪಪ್ಪಾ, ದೇಖೋ ನಾ, ಹೀಗೆ ಇರ್ತದೆ, ನ್ಯಾಚುರಲ್ ಪ್ಲೇಗ್ರೌಂಡ್ ಅಂದ್ರೆ.” ಯಾವುದೋ ತಣ್ಣನೆಯ ದೇಶದಲ್ಲಿ ಮಕ್ಕಳು ಮೊಣಕಾಲ ತನಕ ಬೂಟು ಹಾಕಿಕೊಂಡು ಕೆಸರಿನಲ್ಲಿ ಹೊರಳುತ್ತಿದ್ದರು. ಮಣ್ಣಿನ ದಿಬ್ಬ, ಅಡ್ಡ ಬಿದ್ದ ಮರದ ದಿಮ್ಮಿ, ದಿಬ್ಬದಿಂದ ಇಳಿಯುವ ಜಾರುಬಂಡಿ.

“ಪಾಪ, ಈ ಮಕ್ಕಳ ಅಪ್ಪ ಅಮ್ಮ ಎಲ್ಲಿ ಹೋಗಿದ್ದಾರೆ?” ಎಂದಳು ಅಪ್ಪಿ.

ದೂಜಣ್ಣನಿಗೋ, ನೋಡುತ್ತ ನೋಡುತ್ತ ಧೈರ್ಯ ಬಂತು. ಊರಿನ ಮಣ್ಣಿನಲ್ಲಿ ಆಡಿ ಬೆಳೆದ ಅವನಿಗೆ ಇದು ಗೊತ್ತಿದ್ದ ಸಂಗತಿಯೇ. ಹೋಟೆಲಿನ ಬಿಲ್ ಪುಸ್ತಕದ ಹಿಂಬದಿಯಲ್ಲಿ ಚಿತ್ರ ಬರೆದ. ನಡುವೆ ಒಂದು ದಿಬ್ಬ, ದಿಬ್ಬದ ಮೇಲಿಂದ ಇಳಿಯುವ ನುಣುಪು ಕಲ್ಲು, ಬದಿಯಲ್ಲಿ ಮರಳಿನ ಹೊಂಡ, ನಡೆಯಲು ದಿಮ್ಮಿಗಳು, ನೀರು ಹರಿಯಲು ಸಣ್ಣ ಕಾಲುವೆ. ಹೇಳಬೇಕಾದ ನ್ಯಾಯ ಹೇಳಲೇಬೇಕು: ಚಿತ್ರ ಬಹಳ ಚೆನ್ನಾಗಿತ್ತು. ನಿಶಾ ಮೇಡಂ ಅದನ್ನು ಫೈಲಿನಲ್ಲಿ ಹಾಕಿಕೊಂಡು, “ಸೋ ಆಥೆಂಟಿಕ್! ಬಿಲ್ಲಿನ ಕಾಗದದ ಮೇಲೆಯೇ ಬರೆದಿದ್ದಾರೆ!” ಎಂದಳು.

ಅಡ್ಡಿ ಬಂದದ್ದು ಪಾಲಕರ ಸಭೆಯಲ್ಲಿ. ಮುಖ್ಯೋಪಾಧ್ಯಾಯಿನಿ ದೇವಕ್ಕ ಟೀಚರ್ ದೂಜಣ್ಣನನ್ನು ‘ತಜ್ಞರು’ ಎಂದು ಪರಿಚಯಿಸಿದರು. ತಜ್ಞರು ಮಣ್ಣಿನ ಮಹಿಮೆ ಹೇಳಿದರು. ಮಕ್ಕಳು ಮಣ್ಣಿನಲ್ಲಿ ಆಡಿದರೆ ಬುದ್ಧಿ ಬೆಳೆಯುತ್ತದೆ, ರೋಗ ಬರುವುದಿಲ್ಲ ಇತ್ಯಾದಿ. ಹಿಂದಿನ ಸಾಲಿನಿಂದ ಮಲ್ಲಕ್ಕ ಎದ್ದು ನಿಂತಳು. ಅವಳೂ ಗಂಡ ಸಾಯಬಣ್ಣನೂ ಪಕ್ಕದ ಟವರುಗಳ ಕೆಲಸಕ್ಕೆ ಹೋಗುವವರು. ಮಗಳು ಶೀತಲ್ ಮೂರನೇ ತರಗತಿಯಲ್ಲಿದ್ದಳು.

“ಏನ್ರೀ ಅಣ್ಣಾರ,” ಎಂದಳು ಮಲ್ಲಕ್ಕ, “ಮುಂಜಾನಿಂದ ಸಂಜೀತನ ಮಣ್ಣು ಹೊತ್ತು ಹೊತ್ತು ನಮ್ಮ ನೆತ್ತಿ ಸವದಾವ. ಮಕ್ಕಳರ ಮಣ್ಣಾಗ ಬೀಳಬಾರ್ದಂತ ಸಾಲಿಗಿ ಕಳಿಸಿದ್ರ, ಇಲ್ಲೂ ಮಣ್ಣೇ ಹಾಕ್ತೀವಿ ಅಂತೀರಲ್ಲ! ಮಣ್ಣಾಗ ಆಡಿದ್ರ ಬುದ್ಧಿ ಬರೋದು ಖರೇ ಇದ್ರ, ನಾವು ಇಷ್ಟೊತ್ತಿಗಿ ಕಲೆಕ್ಟರ್ ಆಗಬೇಕಿತ್ತಲ್ರಿ!”

ಸಭೆ ನಕ್ಕಿತು. ಮಲ್ಲಕ್ಕ ನಗಲಿಲ್ಲ.

“ಆ ಟಾವರದಾಗ ಕೆಂಪು ಪ್ಲಾಸ್ಟಿಕ್ ಜಾರಬಂಡಿ ಅದ. ನಾವೇ ಇಟ್ಟಂಗಿ ಹೊತ್ತ ಟಾವರು. ನಮ್ಮ ಶೀತಲ್ ಒಂದಿನ ಅದರ ಮ್ಯಾಲ ಹತ್ತಿ ಕುಂತಿತ್ತು. ಜಾರಿನೂ ಇಲ್ರಿ, ಬರೇ ಕುಂತಿತ್ತು. ವಾಚಮನ್ ರಟ್ಟಿ ಹಿಡಿದು ಇಳಿಸಿದ. ನಮಗ ಅಂಥಾದೊಂದು ಜಾರಬಂಡಿ ಮಾಡಿಸಿಕೊಡ್ರಿ, ಸಾಕು.”

“ಜಾರುಬಂಡಿ ಉಂಟು ಅಕ್ಕ. ಖಂಡಿತ ಉಂಟು.”

“ಕೆಂಪಂದು?”

“ಕೆಂಪಂದೇ,” ಎಂದುಬಿಟ್ಟ ದೂಜಣ್ಣ. ಹಾಗೆ ಅವನು ಕಂಪನಿಗೆ ಪ್ಲಾಸ್ಟಿಕ್ ಇಲ್ಲದ ಮೈದಾನವನ್ನೂ ಪಾಲಕರಿಗೆ ಪ್ಲಾಸ್ಟಿಕ್ಕಿನ ಜಾರುಬಂಡಿಯನ್ನೂ ಒಂದೇ ವಾರದಲ್ಲಿ ಒಪ್ಪಿಕೊಂಡ.

ಮೂರನೆಯ ಒಪ್ಪಿಗೆ ಶೆಟ್ಟರಿಗೆ ಕೊಟ್ಟದ್ದು, ಮತ್ತು ಎಲ್ಲ ಕೆಟ್ಟದ್ದು ಅದರಿಂದಲೇ. ಶಾಲೆಯ ಅಂಗಳ ಮೊದಲು ಮಣ್ಣಿನದೇ ಆಗಿತ್ತು. ಆರು ವರ್ಷದ ಹಿಂದೆ ಶೆಟ್ಟರು ತಂದೆಯ ಹೆಸರಿನಲ್ಲಿ ಅದಕ್ಕೆ ಸಿಮೆಂಟಿನ ಬ್ಲಾಕು ಹಾಸಿಸಿದ್ದರು. ‘ಶ್ರೀ ಕೊರಗಪ್ಪ ಶೆಟ್ಟಿಯವರ ಉದಾರ ಕೊಡುಗೆ’ ಎಂದು ಕೆತ್ತಿದ ಕಲ್ಲನ್ನು ಗೋಡೆಗೆ ಹಾಕಿದರೆ ಯಾರೂ ನೋಡುವುದಿಲ್ಲವೆಂದು ಅಂಗಳದ ನಟ್ಟನಡುವೆ ನಿಲ್ಲಿಸಿದ್ದರು. ಆರು ವರ್ಷದಿಂದ ಮಕ್ಕಳು ಅದಕ್ಕೆ ಎಡವಿ ಮಂಡಿ ಒಡೆದುಕೊಳ್ಳುತ್ತಿದ್ದರು.

“ಬ್ಲಾಕು ಕೀಳಿ, ತೊಂದರೆ ಇಲ್ಲ,” ಎಂದರು ಶೆಟ್ಟರು. “ಅಪ್ಪನ ಕಲ್ಲು ಒಂದು ಇಂಚೂ ಅಲುಗಬಾರದು. ಗೊತ್ತಾಯ್ತಾ ದೂಜಣ್ಣ?”

“ಆಯ್ತು ಧಣಿ.”

ಹಾಗಾಗಿ ದಿಬ್ಬ ಕಲ್ಲಿನ ಬುಡದಲ್ಲೇ ಏಳಬೇಕಾಯಿತು. ಸಾಯಬಣ್ಣ ಟವರಿನ ಪಾಯದಿಂದ ತೆಗೆದ ಕೆಂಪು ಮಣ್ಣನ್ನು ಟೆಂಪೋದಲ್ಲಿ ತಂದು ಸುರಿದ. ಮಣ್ಣು ಜರಿಯದಿರಲೆಂದು ಸುತ್ತ ಕಲ್ಲು ಕಟ್ಟಿದ. ಉದ್ದಕ್ಕೆ, ಅಚ್ಚುಕಟ್ಟಾಗಿ. ಆ ತಿಂಗಳೇ ಹೋಟೆಲಿನ ಅಡುಗೆಮನೆಗೆ ಸ್ಟೀಲಿನ ಕಟ್ಟೆ ಬಂದದ್ದರಿಂದ, ಹದಿನೆಂಟು ವರ್ಷ ಪೂರಿ ಲಟ್ಟಿಸಿ ಎಣ್ಣೆ ಕುಡಿದು ಕನ್ನಡಿಯಾಗಿದ್ದ ಕಡಪ ಕಲ್ಲೊಂದು ಮೂಲೆಗೆ ಬಿದ್ದಿತ್ತು. ದೂಜಣ್ಣ ಅದನ್ನು ತರಿಸಿ ದಿಬ್ಬದ ಮೇಲಿಂದ ಇಳಿಜಾರಾಗಿ ಮಲಗಿಸಿದ. ದೇವಕ್ಕ ಟೀಚರ್ ಚೆಂದ ಕಾಣಲಿ ಎಂದು ಸುತ್ತಿನ ಕಲ್ಲಿಗೆಲ್ಲ ಸುಣ್ಣ ಬಳಿಸಿ, ನಾಲ್ಕು ಮೂಲೆಗೆ ತುಳಸಿ ಮತ್ತು ಗೊಂಡೆ ಹೂವಿನ ಗಿಡ ನೆಟ್ಟರು. ಎಲ್ಲರೂ ತಮ್ಮ ಕೈಯಲ್ಲಾದ ಒಳ್ಳೆಯದನ್ನೇ ಮಾಡಿದರು.

ಮೊದಲ ನಾಲ್ಕು ದಿನ ಆ ಶಾಲೆಯಲ್ಲಿ ನಡೆದದ್ದನ್ನು ನೋಡಬೇಕಿತ್ತು. ಪೂರಿ ಕಲ್ಲಿನ ಜಾರಿಕೆಗೆ ಯಾವ ಪ್ಲಾಸ್ಟಿಕ್ಕೂ ಸಮವಲ್ಲ. ಮಕ್ಕಳು ಗುಂಡಿನ ಹಾಗೆ ಬಂದು ಮರಳಿನಲ್ಲಿ ಬೀಳುತ್ತಿದ್ದರು. ಬೆಲ್ಲು ಹೊಡೆದರೂ ಒಳಗೆ ಬರುತ್ತಿರಲಿಲ್ಲ. ಮಗಳನ್ನು ಕರೆದೊಯ್ಯಲು ಬಂದ ಮಲ್ಲಕ್ಕ ಗೇಟಿನಲ್ಲೇ ನಿಂತಳು. ಸುಮ್ಮನೆ ಕೂರುತ್ತಿದ್ದ ಶೀತಲ್ ಕೈ ಮೇಲೆತ್ತಿ ಕಿರುಚುತ್ತ ಜಾರಿದಳು.

“ಕೆಂಪು ಇಲ್ಲಲ್ಲ ಅಣ್ಣಾರ,” ಎಂದಳು ಮಲ್ಲಕ್ಕ.

“ಕೆಂಪು ಅಲ್ಲ ಅವ್ವಾ,” ಎಂದು ಶೀತಲೇ ತೀರ್ಪು ಕೊಟ್ಟಳು, “ಆದ್ರ ಜೋರ್ ಹೋಗ್ತದ!”

ದೂಜಣ್ಣ ಆ ದಿನ ಮನೆಗೆ ಹೋಗುವಾಗ ಆಟೋ ಮಾಡಿದ. ಅಷ್ಟು ಸಂತೋಷವಾಗಿತ್ತು.

ಐದನೆಯ ದಿನ ಗಂಗುಬಾಯಿ ಬಂದಳು. ಪಕ್ಕದ ಚಾಳಿನ ಸಾಲುಮನೆಯಲ್ಲಿದ್ದ ಅವಳ ಕಿಟಕಿ ಶಾಲೆಯ ಅಂಗಳಕ್ಕೇ ತೆರೆದುಕೊಳ್ಳುತ್ತಿತ್ತು. ಊರಿಗೆ ಹೋಗಿದ್ದವಳು ತಿರುಗಿ ಬಂದು ಕಿಟಕಿ ತೆಗೆದರೆ, ಸುಣ್ಣ ಬಳಿದ ಕಲ್ಲುಗಳ ನಡುವೆ ಉದ್ದನೆಯ ಮಣ್ಣಿನ ದಿಬ್ಬ, ಮೇಲೊಂದು ಕರಿಯ ಚಪ್ಪಡಿ, ತಲೆಯ ಕಡೆ ತನಗೆ ಓದಲು ಬಾರದ ಲಿಪಿಯಲ್ಲಿ ಕೆತ್ತಿದ ಕಲ್ಲು, ಮೂಲೆಮೂಲೆಗೆ ತುಳಸಿ. ಅದರ ಮೇಲೆ ಮಕ್ಕಳು ಜಾರುತ್ತಿದ್ದಾರೆ! ಅವಳು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಓಡಿಬಂದಳು.

“ಟೀಚರ್ ಬಾಯಿ! ದೇವರೆಂಬುದೇನಾದರೂ ಇದೆಯಾ ನಿಮಗೆ? ಯಾರದು ಇದು?” ಎಂದು ಮರಾಠಿಯಲ್ಲಿ ಅಬ್ಬರಿಸಿದಳು.

ದೇವಕ್ಕ ಟೀಚರಿಗೆ ಇಪ್ಪತ್ತು ವರ್ಷ ಮುಂಬಯಿಯಲ್ಲಿದ್ದೂ ಮರಾಠಿ ಅಷ್ಟಕ್ಕಷ್ಟೆ, ಹಿಂದಿಯೂ ಹರಕುಮುರುಕು. ‘ಯಾರದು’ ಎಂಬುದಷ್ಟು ಅರ್ಥವಾಯಿತು. ಕಲ್ಲನ್ನು ತೋರಿಸಿ, “ಕೊರಗಪ್ಪ ಶೆಟ್ಟಿ. ಬಹುತ್ ಬಡಾ ಆದ್ಮಿ. ಉನ್ಹೋನೆ ದಿಯಾ, ಇಸ್ಲಿಯೇ ಸ್ಕೂಲ್ ಹೈ,” ಎಂದು ಅವರ ಕೊಡುಗೆಯಿಂದಲೇ ಶಾಲೆ ಇದೆ ಎಂಬರ್ಥ ಬರುವಂತೆ ಹೇಳಿದರು.

“ಕ್ಯಾ ದಿಯಾ? ಜಾನ್ ದಿಯಾ?”

ಪ್ರಾಣ ಕೊಟ್ಟರಾ ಎಂದು ಗಂಗುಬಾಯಿ ಕೇಳಿದ್ದು ಟೀಚರಿಗೆ ‘ಜಗಾ ದಿಯಾ’ ಎಂದು ಕೇಳಿಸಿತು. ಜಾಗವನ್ನು ಶೆಟ್ಟರು ಕೊಟ್ಟದ್ದಲ್ಲ, ಬರೀ ಬ್ಲಾಕು ಕೊಟ್ಟದ್ದು. ಆದರೆ ಅಷ್ಟು ಹಿಂದಿ ಯಾರು ಆಡುತ್ತಾರೆ? “ಹಾಂ, ಹಾಂ,” ಎಂದುಬಿಟ್ಟರು.

ಶಾಲೆಗಾಗಿ ಪ್ರಾಣ ಕೊಟ್ಟ ಮಹಾತ್ಮನ ಸಮಾಧಿಯ ಮುಂದೆ ಗಂಗುಬಾಯಿ ಅಡ್ಡಬಿದ್ದಳು. ಮರುದಿನ ಹಾರ, ಊದುಬತ್ತಿ, ತೆಂಗಿನಕಾಯಿ. ಮೂರನೆಯ ದಿನ ಅವಳ ಎಡಮಂಡಿಯ ನೋವು ಹೋಯಿತು. ಮಂಡಿನೋವು ಹೋದ ಸುದ್ದಿ ಚಾಳಿನಿಂದ ಚಾಳಿಗೆ ಹೋಯಿತು. ಗುರುವಾರ ಬರುವಷ್ಟರಲ್ಲಿ ಗೇಟಿನ ಹೊರಗೆ ಚಪ್ಪಲಿಗಳ ಸಾಲು. ಮಕ್ಕಳು ಹತ್ತಿರ ಬಂದರೆ ಗಂಗುಬಾಯಿ ಕೋಲು ಎತ್ತುತ್ತಿದ್ದಳು. ಬಂದವರು ಮಕ್ಕಳಿಗೆ ಕೊಬ್ಬರಿ ಸಕ್ಕರೆ ಹಂಚಿ, ಕೈಮುಗಿಯಲು ಕಲಿಸಿದರು. ಮಕ್ಕಳು ಯಾವುದನ್ನು ಕಲಿಸಿದರೂ ಕಲಿಯುತ್ತಾರೆ. ಗಣಿತ ಮಾತ್ರ ಸ್ವಲ್ಪ ತಡ.

ದೂಜಣ್ಣ ಹೋಟೆಲಿನಿಂದ ಓಡಿಬಂದು ನೋಡಿದ. ಏನು ಮಾಡಬೇಕೆಂಬುದು ಅವನಿಗೂ ಗೊತ್ತಾಯಿತು. ಆ ಕೆತ್ತಿದ ಕಲ್ಲೊಂದನ್ನು ಕಿತ್ತು ಗೋಡೆಗೆ ಒರಗಿಸಿದರೆ ಸಮಾಧಿ ಹೋಗಿ ದಿಬ್ಬ ಉಳಿಯುತ್ತದೆ. ಅದನ್ನು ಧಣಿಗೆ ಹೇಳಬೇಕಷ್ಟೆ. ಮೂರು ಸಲ ಕ್ಯಾಶ್ ಕೌಂಟರಿನ ತನಕ ಹೋಗಿ, ಮೂರು ಸಲವೂ “ಧಣಿ, ಚಾ ಬೇಕಾ?” ಎಂದು ಕೇಳಿ ಹಿಂದೆ ಬಂದ.

ಸುದ್ದಿ ಅವನಿಗಾಗಿ ಕಾಯಲಿಲ್ಲ. ಮುಲುಂಡಿನಿಂದ ಶೆಟ್ಟರ ಸೋದರತ್ತೆಯ ಫೋನು ಬಂತು. ಅತ್ತೆ ಅಳುತ್ತಿದ್ದರು. “ಅಣ್ಣ ಹೋದದ್ದು ಒಂದು ಮಾತು ಹೇಳಬಾರದಿತ್ತಾ ಮನೀಶಾ? ಸಮಾಧಿ ಕೂಡ ಕಟ್ಟಿ ಮುಗಿಸಿದಿರಂತೆ! ನಾವು ಅಷ್ಟೂ ದೂರದವರಾ?”

“ಎಂತ ಹೇಳುವುದು ಅತ್ತೆ? ಅಪ್ಪ ಇಲ್ಲೇ ಕೂತು ಪತ್ರೊಡೆ ತಿನ್ನುತ್ತಿದ್ದಾರೆ!”

ಕಾಂದಿವಲಿಯಿಂದ ಷಡ್ಡಕ ಫೋನು ಮಾಡಿ ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಯ ಊಟಕ್ಕೆ, ಯಾವ ಹಾಲ್ ಎಂದು ಕೇಳಿದ. ಸಂಘದ ಹಳೆಯ ಸದಸ್ಯರೊಬ್ಬರು ವಾಟ್ಸಾಪಿನಲ್ಲಿ ಅಗಲಿದ ಚೇತನಕ್ಕೆ ಪದ್ಯ ಬರೆದು ಹಾಕಿದರು. ಎಂಬತ್ತನಾಲ್ಕರ ಕೊರಗಪ್ಪ ಶೆಟ್ಟರು ಪತ್ರೊಡೆ ಬಿಟ್ಟು ಎದ್ದರು. “ನಾನು ಸತ್ತದ್ದು ಊರಿಗೆಲ್ಲ ಗೊತ್ತುಂಟು, ನನಗೆ ಮಾತ್ರ ಗೊತ್ತಿಲ್ಲ! ಕಾರು ತೆಗಿ. ಎಲ್ಲಿ ಹೂಳಿದ್ದೀರಿ ಅಂತ ನೋಡುವ.”

ಶಾಲೆಗೆ ಬಂದವರೇ ಕಾರಿನಿಂದ ಇಳಿದು ಬೆತ್ತ ಬೀಸಿದರು. “ಎಲ್ಲಿ ಆ ಡಿಸೈನು ಮಾಡಿದವ? ಇವತ್ತು ಅವನನ್ನು ಇದರ ಒಳಗೆ ಹಾಕ್ತೇನೆ!” ಆದರೆ ದಿಬ್ಬದ ಎದುರು ಹನ್ನೆರಡು ಹೆಂಗಸರು ಕಣ್ಣುಮುಚ್ಚಿ ಕುಳಿತಿದ್ದರು. ಗಂಗುಬಾಯಿ ಮುದುಕರ ಬಾಯಿಗೆ ಬೆರಳಿಟ್ಟು ಸುಮ್ಮನಿರಿಸಿ, ಅಂಗೈಗೆ ಪ್ರಸಾದ ಹಾಕಿದಳು. “ಕೈಮುಗಿಯಿರಿ ಬಾಬಾ. ಬಹಳ ದೊಡ್ಡ ಮನುಷ್ಯ. ಜೀವನದಲ್ಲಿ ಒಂದು ಸುಳ್ಳು ಹೇಳಿದವನಲ್ಲ.”

ಕೊರಗಪ್ಪ ಶೆಟ್ಟರು ಪ್ರಸಾದವನ್ನು ನೋಡಿದರು. ಬೆತ್ತ ನಿಧಾನವಾಗಿ ಕೆಳಗೆ ಬಂತು.

“ಮನೀಶಾ,” ಎಂದರು ಮೆಲ್ಲಗೆ, “ಅರುವತ್ತು ವರ್ಷ ಈ ಊರಿಗೆ ಇಡ್ಲಿ ಹಾಕಿದೆ. ಯಾರಾದರೂ ನನಗೆ ಕೈಮುಗಿದದ್ದು ಉಂಟಾ? ಬಿಲ್ಲು ಜಾಸ್ತಿ ಆಯ್ತು ಅಂತ ಬೈದವರೇ ಎಲ್ಲ.” ಪ್ರಸಾದವನ್ನು ಬಾಯಿಗೆ ಹಾಕಿಕೊಂಡು, “ಇರಲಿ ಬಿಡು,” ಎಂದರು.

“ಅಪ್ಪ, ನೀವು ಬದುಕಿದ್ದೀರಿ!”

“ಅದು ಇವರಿಗೆ ಹೇಳಬೇಕೂಂತ ಏನು ಉಂಟು?”

ಅಂದಿನಿಂದ ಮುದುಕರು ಪ್ರತಿ ಗುರುವಾರ ಬಂದು, ಮರೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ತಮ್ಮ ಪೂಜೆಯನ್ನು ತಾವೇ ನೋಡತೊಡಗಿದರು.

ಹೀಗಿರುವಾಗ ಶಾಲೆಯಲ್ಲಿ ಸಮಾಧಿ ಎದ್ದಿದೆಯೆಂದು ಯಾರೋ ಅರ್ಜಿ ಬರೆದರು. ಒಂದು ಬೆಳಿಗ್ಗೆ ಸರಕಾರಿ ಕಚೇರಿಯಿಂದ ಒಬ್ಬ ಸಾಹೇಬ ಬಂದ. ಅದೇ ಹೊತ್ತಿಗೆ ಉದ್ಘಾಟನೆಯ ದಿನ ಗೊತ್ತುಮಾಡಲು ನಿಶಾ ಮೇಡಂ ಕೂಡ ಬಂದಳು. ಸಾಹೇಬ ಕೆಟ್ಟವನಲ್ಲ. ಬಿಸಿಲಿನಲ್ಲಿ ಅಲೆದು ಸಾಕಾಗಿದ್ದವನು. ದಿಬ್ಬದ ಸುತ್ತ ಒಂದು ಪ್ರದಕ್ಷಿಣೆ ಬಂದು, ಹಿಂದಿಯಲ್ಲಿ ನೇರ ವಿಷಯಕ್ಕೆ ಬಂದ.

“ಶಾಲೆಯ ಅಂಗಳದಲ್ಲಿ ಅನುಮತಿ ಇಲ್ಲದೆ ಯಾರನ್ನು ಹೂಳಿದ್ದೀರಿ?”

“ಯಾರನ್ನೂ ಇಲ್ಲ ಸಾಹೇಬ್!” ಮನೀಶ್ ಶೆಟ್ಟರು ಬೆವರಿದರು. “ಈ ಕಲ್ಲಿನಲ್ಲಿರುವುದು ನಮ್ಮ ತಂದೆಯ ಹೆಸರು. ಇಗೋ, ಇವರೇ ತಂದೆ. ಬದುಕಿದ್ದಾರೆ.”

ಕುರ್ಚಿಯ ಮೇಲಿದ್ದ ಕೊರಗಪ್ಪ ಶೆಟ್ಟರು ಒಲ್ಲದ ಮನಸ್ಸಿನಿಂದ ತಲೆಯಾಡಿಸಿ ಬದುಕಿರುವುದನ್ನು ಒಪ್ಪಿಕೊಂಡರು. ಸಾಹೇಬ ಅವರನ್ನು ನೋಡಿದ, ದಿಬ್ಬವನ್ನು ನೋಡಿದ.

“ಇವರು ಹೊರಗಿದ್ದರೆ ಒಳಗೆ ಯಾರಿದ್ದಾರೆ?”

“ಯಾರೂ ಇಲ್ಲ ಸಾಹೇಬ್, ಇದು ಜಾರುಬಂಡಿ,” ಎಂದರು ದೇವಕ್ಕ ಟೀಚರ್.

“ಜಾರುಬಂಡಿಗೆ ಹಾರ ಯಾಕೆ?” ಸಾಹೇಬ ಕರವಸ್ತ್ರದಿಂದ ಕತ್ತು ಒರೆಸಿಕೊಂಡ. “ಸರಿ, ಜಾರುಬಂಡಿ ಅಂತೀರಿ. ಒಂದು ಮಗುವನ್ನು ಕರೆಯಿರಿ. ಜಾರಿ ತೋರಿಸಲಿ. ಅಷ್ಟೇ ಬರೆದುಕೊಂಡು ಹೋಗುತ್ತೇನೆ.”

ಎಲ್ಲರಿಗೂ ಹೋದ ಜೀವ ಬಂತು. ಟೀಚರ್ ಶೀತಲಳನ್ನು ಕರೆದರು. ಮಲ್ಲಕ್ಕ ಅವತ್ತು ಅರ್ಧ ದಿನದ ಕೂಲಿ ಬಿಟ್ಟು ಗೇಟಿನ ಹತ್ತಿರ ನಿಂತಿದ್ದಳು. ಮೈದಾನ ಉಳಿದರೇ ಶಾಲೆಗೆ ಮಕ್ಕಳು ಬರುವುದು, ಮಕ್ಕಳು ಬಂದರೇ ಶಾಲೆ ಉಳಿಯುವುದು ಎಂದು ಟೀಚರ್ ಪಾಲಕರಿಗೆಲ್ಲ ಹೇಳಿದ್ದರು. “ಹೋಗವ್ವಾ, ಜಾರು!” ಎಂದು ಅಲ್ಲಿಂದಲೇ ಕೂಗಿದಳು.

ಶೀತಲ್ ಬಂದಳು. ಕಡಪ ಕಲ್ಲನ್ನು ಆಸೆಯಿಂದ ನೋಡಿದಳು. ಬದಿಯಲ್ಲಿ ಕೋಲು ಹಿಡಿದ ಗಂಗುಬಾಯಿಯನ್ನು ನೋಡಿದಳು. ಆಮೇಲೆ ಚಪ್ಪಲಿ ಬಿಚ್ಚಿಟ್ಟು, ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ ನಿಂತುಬಿಟ್ಟಳು. ಅವಳ ಹಿಂದೆ ಬಂದ ಇಡೀ ಮೂರನೇ ತರಗತಿ ಸಾಲಾಗಿ ನಿಂತು ಕೈಮುಗಿಯಿತು.

ಸಾಹೇಬ ಪೆನ್ನು ತೆಗೆದ. ನಿಶಾ ಮೇಡಂ ಫೈಲು ಮುಚ್ಚಿದಳು.

ಬರೆಯುವ ಮುಂಚೆ ಸಾಹೇಬ ಮಕ್ಕಳನ್ನು ಇನ್ನೊಮ್ಮೆ ನೋಡಿದ. ಏನನ್ನಿಸಿತೋ. “ನೋಡಿ,” ಎಂದ, “ಈ ಕೆತ್ತಿದ ಕಲ್ಲು ಇದೆಯಲ್ಲ, ಇದೊಂದನ್ನು ನನ್ನೆದುರಿಗೇ ಕಿತ್ತುಬಿಡಿ. ಉಳಿದದ್ದು ಮಣ್ಣು. ಆಟದ ಮೈದಾನ ಅಂತ ಬರೆಯುತ್ತೇನೆ. ಇದನ್ನು ಮಾಡಿದವರು ಯಾರು? ಅವರು ಹೇಳಲಿ. ಈ ಕಲ್ಲು ಬೇಕೋ ಬೇಡವೋ?”

ಎಲ್ಲರೂ ದೂಜಣ್ಣನ ಕಡೆ ತಿರುಗಿದರು. ಇಂಥ ಗಳಿಗೆ ಅವನ ಬದುಕಿನಲ್ಲಿ ಬಂದಿರಲಿಲ್ಲ. ಗುದ್ದಲಿ ಅಲ್ಲೇ ಸಾಯಬಣ್ಣನ ಕೈಯಲ್ಲಿತ್ತು. ಸಾಯಬಣ್ಣ ಒಂದು ಹೆಜ್ಜೆ ಮುಂದೆಯೂ ಬಂದ. ಬೇಡ ಎಂಬ ಎರಡಕ್ಷರ ಸಾಕಿತ್ತು. ಮನೀಶ್ ಶೆಟ್ಟರು ಅವನನ್ನೇ ನೋಡುತ್ತಿದ್ದರು. ಕೊರಗಪ್ಪ ಶೆಟ್ಟರು ಬೆತ್ತದ ಹಿಡಿಯ ಮೇಲೆ ಗಲ್ಲವಿಟ್ಟು ನೋಡುತ್ತಿದ್ದರು. ಗೇಟಿನಿಂದ ಮಲ್ಲಕ್ಕ ನೋಡುತ್ತಿದ್ದಳು.

“ಕಲ್ಲು,” ಎಂದ ದೂಜಣ್ಣ. ಧಣಿಯ ಮುಖ ನೋಡಿದ. “ಕಲ್ಲು ಡಿಸೈನಿನಲ್ಲೇ ಉಂಟು ಸಾಹೇಬ್. ಅದು ಇರಬೇಕು.”

ಸಾಯಬಣ್ಣ ಗುದ್ದಲಿ ಕೆಳಗಿಟ್ಟ. ಕೊರಗಪ್ಪ ಶೆಟ್ಟರು, “ಒಳ್ಳೆ ಮನುಷ್ಯ ಇವ,” ಎಂದು ಮಗನಿಗೆ ಹೇಳಿದರು.

ಸಾಹೇಬ ವಿಚಾರಣೆ ಮುಗಿಯುವ ತನಕ ಅಂಗಳಕ್ಕೆ ಬೀಗ ಎಂದು ಬರೆದು ಸಹಿ ಹಾಕಿದ. ದರ್ಶನಕ್ಕೆ ಮಾತ್ರ ಪಕ್ಕದ ಸಣ್ಣ ಬಾಗಿಲು ತೆರೆದಿರಲಿ, ಜನರ ಭಾವನೆಗೆ ನೋವಾಗಬಾರದು ಎಂದೂ ಸೇರಿಸಿದ. ನಿಶಾ ಮೇಡಂ ಹೋಗುವಾಗ ದೂಜಣ್ಣನ ಹತ್ತಿರ ಬಂದಳು. “ದೂಜಾಜೀ, ನಿಮ್ಮ ಡಿಸೈನ್ ಬ್ರಿಲಿಯಂಟ್. ಆದರೆ ಪೂಜೆ ನಡೆಯುವ ಜಾಗಕ್ಕೆ ನಮ್ಮ ಕಂಪನಿ ಏನೂ ಕೊಡುವ ಹಾಗಿಲ್ಲ. ಡ್ರಾಯಿಂಗ್ ನನ್ನ ಹತ್ತಿರವೇ ಇಟ್ಟುಕೊಳ್ಳಲಾ?”

“ಇಟ್ಟುಕೊಳ್ಳಿ ಮೇಡಂ,” ಎಂದ ದೂಜಣ್ಣ. ಅಷ್ಟರಲ್ಲೂ ಅವನಿಗೆ ಸ್ವಲ್ಪ ಖುಷಿಯಾಯಿತು ಎಂಬುದನ್ನು ಮುಚ್ಚಿಡುವುದು ಸರಿಯಲ್ಲ.

ಮನೆಯಲ್ಲಿ ಅಪ್ಪಿ ಎಲ್ಲ ಕೇಳಿಸಿಕೊಂಡು ಅನ್ನ ಬಡಿಸಿದಳು. ಅವಳು ಬೈಯದೆ ಬಡಿಸಿದ್ದು ಮದುವೆಯಾದ ಮೇಲೆ ಅದೇ ಮೊದಲು. ದೂಜಣ್ಣನಿಗೆ ಅರ್ಧ ಊಟದಲ್ಲೇ ಎದ್ದುಹೋಗುವ ಹಾಗಾಯಿತು.

ವಿಚಾರಣೆ ನಡೆಯುತ್ತಲೇ ಇತ್ತು. ಅಂಗಳವಿಲ್ಲದ ಶಾಲೆಯಲ್ಲಿ ಮಕ್ಕಳು ಮೆಟ್ಟಿಲ ಮೇಲೆ ಆಡಿದರು. ಒಬ್ಬ ಹುಡುಗ ಬಿದ್ದು ಕೈ ಮುರಿದುಕೊಂಡ ಮೇಲೆ ಮೆಟ್ಟಿಲಿಗೂ ನಿಷೇಧ ಬಂತು. ದೀಪಾವಳಿ ರಜೆಯ ನಂತರ ಹತ್ತೊಂಬತ್ತು ಮಕ್ಕಳು ಉಳಿದವು, ಸಂಕ್ರಾಂತಿಗೆ ಹನ್ನೊಂದು. ಬೇಸಿಗೆಗೆ ಸಂಘ ವಿಶೇಷ ಸಭೆ ಕರೆದು, ಕನ್ನಡದ ದುಃಸ್ಥಿತಿಗೆ ಕಳವಳ ವ್ಯಕ್ತಪಡಿಸಿ, ಶಾಲೆಯನ್ನು ಮುಚ್ಚಿತು. ದೇವಕ್ಕ ಟೀಚರ್ ಹಾಜರಿ ಪುಸ್ತಕಗಳನ್ನು ಚೀಲಕ್ಕೆ ಹಾಕಿಕೊಂಡು, ಗುರುವಾರದ ಜನಸಂದಣಿಯಲ್ಲಿ ದಾರಿ ಮಾಡಿಕೊಂಡು ಹೊರಗೆ ಹೋದರು.

ಆ ವರ್ಷವೇ ಟವರುಗಳ ನಡುವಿನ ಇಂಗ್ಲಿಷ್ ಶಾಲೆಯಲ್ಲಿ ಕಂಪನಿಯವರ ಆಟದ ಮೈದಾನ ಉದ್ಘಾಟನೆಯಾಯಿತು. ತಿಂಡಿಯ ಆರ್ಡರು ಶೆಟ್ಟರ ಹೋಟೆಲಿಗೆ ಸಿಕ್ಕಿತ್ತು. ಬಿಳಿ ಕೋಟು, ಕಪ್ಪು ಬೋ ಹಾಕಿಕೊಂಡು ದೂಜಣ್ಣ ಸಾಂಬಾರಿನ ಬಕೆಟ್ಟಿನೊಂದಿಗೆ ಒಳಗೆ ಹೋದವನು ನಿಂತಲ್ಲೇ ನಿಂತ.

ನಡುವೆ ದಿಬ್ಬ. ದಿಬ್ಬದಿಂದ ಇಳಿಯುವ ಕರಿಯ ಕಲ್ಲು. ಬದಿಯಲ್ಲಿ ಮರಳಿನ ಹೊಂಡ, ನಡೆಯಲು ದಿಮ್ಮಿ, ಸಣ್ಣ ಕಾಲುವೆಯಲ್ಲಿ ಹರಿಯುವ ನೀರು. ಅವನು ಬಿಲ್ಲಿನ ಹಿಂದೆ ಬರೆದಿದ್ದ ಒಂದೊಂದು ಗೆರೆಯೂ ಅಲ್ಲಿತ್ತು. ಹೊಸ ಬೂಟು ಹಾಕಿದ ಮಕ್ಕಳು ಮಣ್ಣಿನಲ್ಲಿ ಹೊರಳಾಡುತ್ತಿದ್ದರು, ತಾಯಂದಿರು ಮೊಬೈಲು ಹಿಡಿದು ಮಣ್ಣನ್ನು ಹೊಗಳುತ್ತಿದ್ದರು. ನಿಶಾ ಮೇಡಂ ಅವನ ಪಕ್ಕದಲ್ಲೇ ಹಾದುಹೋಗುತ್ತ, “ಭಯ್ಯಾ, ಆ ಕಡೆಯ ಮೇಜಿಗೆ ಟಿಶ್ಯೂ ಇಡಿ,” ಎಂದಳು.

ಹಿಂದಿನ ಬೇಲಿಯ ಹತ್ತಿರ ಕೂಲಿಯವರು ಕೂತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಉಳಿದ ಮಣ್ಣು ಎತ್ತಬೇಕಿತ್ತು. ಅವರಲ್ಲಿ ಮಲ್ಲಕ್ಕ ಇದ್ದಳು. ದೂಜಣ್ಣನಿಗೆ ಮುಖ ತಪ್ಪಿಸಬೇಕೆನಿಸಿತು. ಅಷ್ಟರಲ್ಲಿ ಅವಳೇ ಕೈಯೆತ್ತಿ ಕರೆದಳು.

“ಅಣ್ಣಾರ! ಚಂದ ಕಾಣ್ಲಕತ್ತೀರಿ ಕೋಟಿನ್ಯಾಗ.”

“ಶೀತಲ್ ಎಲ್ಲಿ ಅಕ್ಕ?”

“ಶೆಡ್ಡಿನ್ಯಾಗ ಅದಾಳ್ರಿ. ಹಿಂದಿ ಸಾಲಿ ಭಾಳ ದೂರ. ಒಬ್ಬಾಕಿನ್ನ ಹೆಂಗ ಕಳಸ್ಲಿ? ಅಡಗಿ ಕಲ್ಯಾಕತ್ಯಾಳ.” ಮಲ್ಲಕ್ಕ ದಿಬ್ಬದ ಕಡೆ ತಿರುಗಿದಳು. “ಈ ಮಣ್ಣು ಅಷ್ಟೂ ನಾವೇ ಹೊತ್ತೀವಿ, ನಾನೂ ನಮ್ಮ ಮನಿಯವ್ರೂ. ಎಷ್ಟು ಚಂದ ಆಗ್ಯಾದ ನೋಡ್ರಿ. ಅವತ್ತು ಮೀಟಿಂಗದಾಗ ನಾ ನಿಮ್ಮ ಮ್ಯಾಲ ಒದರಬಾರದಿತ್ತು. ಮಣ್ಣಿಲೇ ಇಂಥಾದ್ದು ಆಗ್ತದಂತ ನಮಗೇನು ಗೊತ್ತು.”

“ಇದು ನನ್ನದೇ ಚಿತ್ರ ಮಲ್ಲಕ್ಕ,” ಎಂದ ದೂಜಣ್ಣ. ಯಾರಿಗಾದರೂ ಒಬ್ಬರಿಗೆ ಹೇಳಲೇಬೇಕಾಗಿತ್ತು. “ಅದೂ ಇದೂ ಒಂದೇ. ಅದೇ ದಿಬ್ಬ, ಅದೇ ಕಲ್ಲು.”

ಮಲ್ಲಕ್ಕ ದಿಬ್ಬವನ್ನು ತಲೆಯಿಂದ ಬುಡದ ತನಕ ಇನ್ನೊಮ್ಮೆ ನೋಡಿದಳು. ಲೆಕ್ಕ ತಾಳೆಯಾಗಲಿಲ್ಲ.

“ಒಂದೇ ಅಂತೀರಿ,” ಎಂದಳು. “ಹಂಗಾದ್ರ ಇವರ ಮಕ್ಕಳಿಗಿ ಜಾರಬಂಡಿ ಆಗಿದ್ದು, ನಮ್ಮ ಮಕ್ಕಳಿಗಿ ಸಮಾಧಿ ಹೆಂಗಾತ್ರಿ ಅಣ್ಣಾರ?”

ಸಿಟ್ಟಿನಿಂದ ಕೇಳಿದ್ದಲ್ಲ. ಸ್ಟೇಷನ್ನಿಗೆ ಯಾವ ಕಡೆ ಹೋಗಬೇಕು ಎಂದು ಕೇಳುವ ಹಾಗೆ, ಗೊತ್ತಿರುವವನನ್ನು ಗೊತ್ತಿಲ್ಲದವಳು ಕೇಳಿದಳು. ದೂಜಣ್ಣನ ಬಳಿ ಉತ್ತರವಿತ್ತು. ಅವನು ಬಾಯಿ ತೆರೆದ.

“ಸಾಂಬಾರ್!” ಎಂದು ಆಚೆಯ ಮೇಜಿನಿಂದ ಯಾರೋ ಕೂಗಿದರು.

“ಬಂದೆ ಸರ್,” ಎಂದ ದೂಜಣ್ಣ, ಬಕೆಟ್ಟು ಎತ್ತಿಕೊಂಡು ಹೋದ. ಮಲ್ಲಕ್ಕ ಅವನು ತಿರುಗಿ ಬರುತ್ತಾನೆಂದು ಸ್ವಲ್ಪ ಹೊತ್ತು ಅತ್ತಲೇ ನೋಡುತ್ತ ಕೂತಳು. ಆಮೇಲೆ ಕೂಲಿಯವರ ಮೇಸ್ತ್ರಿ ಮುಕಾದಮ ಸೀಟಿ ಊದಿದ, ಅವಳು ಸಿಂಬಿ ಸುತ್ತಿಕೊಂಡು ಎದ್ದಳು.